ಅಮರಮ್ಮ ಕತ್ತರಿಸಿದ ಚೀಟಿಗಳು

ಬೆಳಗಿನ ಐದೂವರೆ. ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದಲ್ಲಿ ಮಗ್ಗಗಳಿನ್ನೂ ಎದ್ದಿಲ್ಲ. ಎಂದೋ ಮುಚ್ಚಿಹೋದ ಹತ್ತಿ ಜಿನ್ನಿನ ಹಿಂಭಾಗದ ತಗಡು ಹೊದಿಸಿದ ಕೋಣೆಯಲ್ಲಿ ಮಾತ್ರ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ, ಗೋಣಿತಟ್ಟಿನ ಮೇಲೆ ಕಾಲು ಚಾಚಿ ಕುಳಿತ ಅರವತ್ತೈದರ ಅಮರಮ್ಮ ಒಂದು ಬಿದಿರಿನ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದಾರೆ. ಅಂಚಿಗೆ ಕಟ್ಟಿದ ರಟ್ಟಿನ ಚೀಟಿಯ ಮೇಲೆ ನೀಲಿ ಶಾಯಿಯಲ್ಲಿ ಒಂದು ಹೆಸರಿದೆ. ಅದನ್ನು ಓದಲು ಅವರಿಗೆ ಬಾರದು. ಆದರೆ ಅದು ಯಾರ ಹೆಸರೆಂದು ಗೊತ್ತು. ಹೇಳಿ ಬರೆಸಿದವರು ಅವರೇ. ಕತ್ತರಿ ದಾರವನ್ನು ಮುಟ್ಟುತ್ತದೆ. ಚೀಟಿ ಮಡಿಲಿಗೆ ಬೀಳುತ್ತದೆ.

“ಇದೂ ಹೋತು,” ಎನ್ನುತ್ತಾರೆ, ಯಾರಿಗೂ ಹೇಳದವರಂತೆ. “ಹೋದ ವರ್ಷ ನಾನಾ ಕಟ್ಟಿದ್ದೆ. ಈಗ ನಾನಾ ಕೊಯ್ಯಾಕತ್ತೀನಿ.”

ಈ ವಾರ ಇದು ನಾಲ್ಕನೆಯದು. ಎಂಟು ಗಂಟೆಗೆ ಅವರು ಎರಡು ಬೀದಿ ಆಚೆಗಿರುವ ಕೂದಲಿನ ಶೆಡ್ಡಿನಲ್ಲಿರಬೇಕು. ಊರೂರಿನಿಂದ ಚೀಲಗಳಲ್ಲಿ ಬಂದು ಬೀಳುವ ತಲೆಗೂದಲನ್ನು ಬಿಡಿಸಿ, ಉದ್ದಕ್ಕೆ ತಕ್ಕಂತೆ ಸಿವುಡು ಕಟ್ಟುವುದು ಅವರ ಹೊಟ್ಟೆಪಾಡು. ಆ ಧೂಳು ಎದೆಯಲ್ಲಿ ಕೂತು ಈಗ ಮೆಟ್ಟಿಲು ಹತ್ತಿದರೆ ಉಸಿರು ಸಿಳ್ಳೆ ಹಾಕುತ್ತದೆ. ಅದಕ್ಕೆ ಮುಂಚಿನ ಎರಡು ಗಂಟೆ ಈ ಕೋಣೆಗೆ. ಮೂವತ್ತೊಂದು ವರ್ಷಗಳಿಂದ ಹೀಗೆಯೇ. ಈ ಎರಡು ಗಂಟೆಗೆ ಯಾರೂ ಕೂಲಿ ಕೊಟ್ಟಿಲ್ಲ. ಅವರು ಕೇಳಿಯೂ ಇಲ್ಲ.

ಕೋಣೆಯಲ್ಲಿ ಮುನ್ನೂರ ಹನ್ನೆರಡು ವಸ್ತುಗಳಿವೆ. ಬುಟ್ಟಿ, ಕೌದಿ, ಬಳಪದ ಕಲ್ಲಿನ ದೀಪ, ಜೋಡೆತ್ತಿನ ಮರದ ಆಟಿಕೆ, ಹುರಿ, ಚಪ್ಪಲಿ, ಹಣಿಗೆ. ಯಾವುದೂ ಮಾರಾಟಕ್ಕಲ್ಲ. ಭಾಗ್ಯನಗರದ ‘ಕೈಗೆಲಸದ ಹಬ್ಬ’ಕ್ಕೆ ಬಂದವರು ಬಿಟ್ಟುಹೋದ ‘ಮೀಸಲು’ ಅವು. ಹಬ್ಬಕ್ಕೆ ಮೊದಲ ಸಲ ಬಂದ ಕಸುಬುದಾರ, ಆ ಅಂಗಳದಲ್ಲಿ ಕೂತು ಮಾಡಿದ ಮೊದಲ ವಸ್ತುವನ್ನು ಮಾರುವಂತಿಲ್ಲ. ಅದನ್ನು ಹಬ್ಬಕ್ಕೇ ಬಿಡಬೇಕು. ಒಬ್ಬರಿಗೆ ಒಂದೇ, ಒಮ್ಮೆ ಮಾತ್ರ. ಎರಡನೆಯ ದಿನದ ಇಳಿಹೊತ್ತಿಗೆ ಅಮರಮ್ಮ ಬುಟ್ಟಿ ಹೊತ್ತು ಸಾಲಿನುದ್ದಕ್ಕೂ ನಡೆದು ಕೈಯಿಂದ ಕೈಗೆ ಅದನ್ನು ಈಸಿಕೊಳ್ಳುತ್ತಾರೆ. ಹಬ್ಬದ ಚರಿತ್ರೆ ಎಂಬುದು ಇದ್ದರೆ ಅದು ಈ ಕೋಣೆಯಲ್ಲೇ ಇದೆ. ಅದರ ಓದುಗರು, ಅಕ್ಷರ ಬಾರದ ಈ ಹೆಂಗಸು ಒಬ್ಬರೇ.

ಹಬ್ಬ ಶುರುವಾದದ್ದು ೧೯೯೪ರ ಫೆಬ್ರುವರಿಯಲ್ಲಿ. ಚಿತ್ರಕಲೆಯ ಮಾಸ್ತರರಾಗಿದ್ದ ಪ್ರಭುರಾಜ, ಒಬ್ಬ ದರ್ಜಿ, ಒಬ್ಬ ಕಂಡಕ್ಟರ್, ಇಬ್ಬರು ನೇಕಾರರು, ಹೀಗೆ ಐದು ಜನ ಸೇರಿ ಜಿನ್ನಿನ ಅಂಗಳವನ್ನು ಕೇಳಿ ಪಡೆದರು. ವೇದಿಕೆ ಇಲ್ಲ, ಹಾರ ಇಲ್ಲ, ಮುಖ್ಯ ಅತಿಥಿ ಇಲ್ಲ. ಬಂದವರು ನೆಲದ ಮೇಲೆ ಕೂತು ಮಾಡಬೇಕು, ಮಾಡಿದ್ದನ್ನು ಅಲ್ಲೇ ಮಾರಬೇಕು. ಮೊದಲ ವರ್ಷ ಬಂದವರು ಹನ್ನೊಂದು ಮಂದಿ. ಪ್ರತಿಯೊಬ್ಬರ ಮುಂದೆ ಹೆಸರು, ಊರು ಬರೆದ ಹಲಗೆ.

ಮೊದಲ ದಿನದ ಮಧ್ಯಾಹ್ನ ಕೊಪ್ಪಳದ ಒಬ್ಬ ವ್ಯಾಪಾರಸ್ಥರು ಯಲಬುರ್ಗಾದ ಪಕ್ಕೀರಪ್ಪನಿಂದ ರೊಟ್ಟಿ ಬುಟ್ಟಿಯೊಂದನ್ನು ಕೊಂಡರು. ಹತ್ತು ಹೆಜ್ಜೆ ಹೋಗಿ, ತಿರುಗಿ ಹಲಗೆ ಓದಿದರು. ಮರಳಿ ಬಂದು ಬುಟ್ಟಿಯನ್ನು ಪಕ್ಕೀರಪ್ಪನ ಮುಂದೆ ಇಟ್ಟರು. ಕೈಗೆ ಕೊಡಲಿಲ್ಲ, ನೆಲದ ಮೇಲೆ ಇಟ್ಟರು. “ರೊಟ್ಟಿ ಇಡೂದಲ್ಲ,” ಎಂದಷ್ಟೇ ಹೇಳಿ ಹೋದರು. ಪಕ್ಕೀರಪ್ಪ ತಲೆ ಎತ್ತಲಿಲ್ಲ. ಹೆಣೆಯುತ್ತಿದ್ದ ಇನ್ನೊಂದು ಬುಟ್ಟಿಯ ಸುತ್ತು ತಪ್ಪಲಿಲ್ಲ.

ಮರುದಿನ ಬೆಳಿಗ್ಗೆ ಪ್ರಭುರಾಜ ಮಾಸ್ತರರು ಒದ್ದೆ ಬಟ್ಟೆ ಹಿಡಿದು ಹನ್ನೊಂದು ಹಲಗೆಗಳ ಹೆಸರನ್ನೂ ಒರೆಸಿದರು. ಒರೆಸಿದ ಜಾಗದಲ್ಲಿ ಸುಣ್ಣದಿಂದ ಅಂಕಿ ಬರೆದರು. ಅಂದಿನಿಂದ ಅದೇ ನೇಮ: ಹಬ್ಬದಲ್ಲಿ ಹೆಸರಿಲ್ಲ, ಕೈ ಮಾತ್ರ. ಯಾವ ದಾಖಲೆಯಲ್ಲೂ ಹೆಸರು ಬರೆಯುವಂತಿಲ್ಲ. ಮೀಸಲಿನ ಮೇಲಂತೂ ಕೂಡದು. ಅದು ದೊಡ್ಡ ಮನಸ್ಸಿನ ನಿರ್ಧಾರವಾಗಿತ್ತು. ಅಂಗಳದ ಒಳಗೆ ಅದು ಫಲವನ್ನೂ ಕೊಟ್ಟಿತು: ಮರುವರ್ಷ ಪಕ್ಕೀರಪ್ಪನ ಬುಟ್ಟಿಗಳು ಸಂಜೆಯೊಳಗೆ ಖಾಲಿಯಾದವು. ಆದರೆ ಒದ್ದೆ ಬಟ್ಟೆಗೆ ಎಲ್ಲಿ ನಿಲ್ಲಬೇಕೆಂಬುದು ತಿಳಿಯದು. ಅವಮಾನದ ಜೊತೆಗೆ ಅದು ಮನುಷ್ಯರನ್ನೂ ಒರೆಸುತ್ತ ಹೋಯಿತು.

ಅಮರಮ್ಮ ಆ ಮೊದಲ ಹಬ್ಬಕ್ಕೆ ಬಂದದ್ದು ಅಂಗಳ ಗುಡಿಸಲು. ಹೇಮಗುಡ್ಡದ ಕಡೆಯ ಹಳ್ಳಿಯಿಂದ ಮಗ್ಗದ ಕೂಲಿಯ ಹೆಂಡತಿಯಾಗಿ ಭಾಗ್ಯನಗರಕ್ಕೆ ಬಂದವರು. ಮಕ್ಕಳಾಗಲಿಲ್ಲ. “ಗುಡಿಸಿ ಹೋಗಬೇಕಂತ ಬಂದಾಕಿ ಕುಂತು ನೋಡಿದೆ,” ಎನ್ನುತ್ತಾರೆ. “ಒಬ್ಬಾಕಿ ಕೌದಿ ಹೊಲೀತಿದ್ಲು, ಒಬ್ಬಾಂವ ಎತ್ತಿನ ಕೋಡಿಗೆ ಬಣ್ಣ ಹಚ್ಚತಿದ್ದ. ಕೆಲಸ ಮಾಡೋ ಮಂದೀನ ಅಷ್ಟ ಮಂದಿ ನಿಂತು ನೋಡೂದನ್ನ ನಾ ನೋಡಿದ್ದಿಲ್ರಿ. ನಮ್ಮನಿಯವರು ದಿನಾ ಹನ್ನೆರಡು ತಾಸು ಮಗ್ಗದಾಗ ಕುಂದರ್ತಿದ್ರು. ಯಾರ ನೋಡ್ಯಾರ?” ಕೊನೆಗೆ ಉಳಿದ ಹನ್ನೊಂದು ಮೀಸಲುಗಳನ್ನು ಎಲ್ಲಿಡುವುದೆಂದು ಐವರೂ ಯೋಚಿಸುತ್ತ ನಿಂತಾಗ ಅವರೇ ಕೋಣೆ ಸಾರಿಸಿ ಒಳಗಿಟ್ಟರು. ಕೀಲಿ ಅವರ ಸೊಂಟಕ್ಕೆ ಬಂತು. ಬಿಸಿಲಿಗೆ ಹಾಕುವುದು, ಬೇವಿನ ಸೊಪ್ಪಿನ ಹೊಗೆ ಹಿಡಿಸುವುದು, ಗೆದ್ದಲು ನೋಡುವುದು ಎಲ್ಲವೂ ಅವರ ಕೆಲಸವಾಯಿತು. ಹೆಸರು ಬರೆಯಬಾರದೆಂಬ ನೇಮ ಅಕ್ಷರ ಬಲ್ಲವರಿಗೆ. ನೆನಪಿಗೆ ಯಾರು ಕಟ್ಟು ಹಾಕುತ್ತಾರೆ? ಅವರು ಎಲ್ಲರನ್ನೂ ನೆನಪಿಟ್ಟರು.

ಕಳೆದ ವರ್ಷ ಆ ನೆನಪಿಗೆ ದಿಢೀರನೆ ಬೆಲೆ ಬಂತು. ಮುದಿ ಕಸುಬುದಾರರಿಗೂ ಅವರ ವಿಧವೆಯರಿಗೂ ಮಾಸಾಶನ ದೊರೆಯುವುದೆಂದೂ, ಕಸುಬಿಗೆ ಪುರಾವೆಯಾಗಿ ಎಲ್ಲಾದರೂ ಹೆಸರುಸಹಿತ ಇರಿಸಿದ ಕೆಲಸವನ್ನು ತೋರಿಸಬೇಕೆಂದೂ ಸುದ್ದಿ ಹಬ್ಬಿತು. ಅಂಗಳದಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷ ಕೂತು ಹೋದವರ ಮನೆಯವರು ಒಬ್ಬೊಬ್ಬರಾಗಿ ಬಂದರು. ಹಬ್ಬದ ವಹಿಗಳಲ್ಲಿ ಇದ್ದದ್ದು ಅಂಕಿಗಳು ಮಾತ್ರ. ಐವರಲ್ಲಿ ಈಗ ಉಳಿದಿರುವವರು ಎಪ್ಪತ್ತೊಂಬತ್ತರ ಪ್ರಭುರಾಜ ಮಾಸ್ತರರು ಒಬ್ಬರೇ. ಅವರು ರಟ್ಟು ಕತ್ತರಿಸಿ, ಪೆನ್ನು ಹಿಡಿದು ಕೂತರು. ಅಮರಮ್ಮ ಒಂದೊಂದೇ ವಸ್ತುವನ್ನೆತ್ತಿ ಹೆಸರು ಹೇಳಿದರು. ಮೂರು ತಿಂಗಳಲ್ಲಿ ಮುನ್ನೂರ ಹನ್ನೆರಡು ಚೀಟಿಗಳಾದವು. “ಒಂದಕ್ಕೂ ತಡವರಿಸಲಿಲ್ಲ,” ಎನ್ನುತ್ತಾರೆ ಮಾಸ್ತರರು. “ಆ ದಿನಗಳಲ್ಲಿ ನನಗೆ ಆಕೆಯ ಮುಂದೆ ಕೂಡಲು ನಾಚಿಕೆಯಾಗುತ್ತಿತ್ತು.”

ಆ ನಾಚಿಕೆಗೆ ಇನ್ನೊಂದು ಕಾರಣವೂ ಇತ್ತು. ಅದು ಹೊರಬಿದ್ದದ್ದು ಕುಷ್ಟಗಿಯಿಂದ ನೂರಜಾನಬಿ ಬಂದ ದಿನ.

ನೂರಜಾನಬಿಯ ಗಂಡ ಬಾಬಾಸಾಬ ತಲೆ ಬಾಚುವ ಮರದ ಹಣಿಗೆ ಕೊರೆಯುವವನು. ಹದಿನೆಂಟು ವರ್ಷ ಹಬ್ಬಕ್ಕೆ ಬಂದವನು, ಕೋವಿಡ್ಡಿನ ಎರಡನೆಯ ಅಲೆಯಲ್ಲಿ ತೀರಿಕೊಂಡ. ಆಕೆ ಈಗ ಖಾನಾವಳಿಯೊಂದರಲ್ಲಿ ಬೆಳ್ಳುಳ್ಳಿ ಸುಲಿಯುತ್ತಾಳೆ. ಅರ್ಜಿಯ ಕಾಗದಗಳನ್ನು ಪ್ಲಾಸ್ಟಿಕ್ಕಿನ ಚೀಲದಲ್ಲಿ ಸುತ್ತಿಕೊಂಡು ಬಂದಿದ್ದಳು. ಅಮರಮ್ಮ ಸಂಭ್ರಮದಿಂದ ಹಣಿಗೆ ತಂದು ಕೈಗಿತ್ತರು. ಬಾಬಾಸಾಬನ ಹೆಸರಿನ ಚೀಟಿ ಅದಕ್ಕೆ ತೂಗುತ್ತಿತ್ತು. ನೂರಜಾನಬಿ ಹಣಿಗೆಯನ್ನು ಬೆಳಕಿಗೆ ಹಿಡಿದಳು. ಕೊನೆಯ ಹಲ್ಲಿನ ಮೇಲೆ ಉಗುರು ಆಡಿಸಿದಳು.

“ಇದು ಅವರದಲ್ಲ, ಅಮರಕ್ಕ.”

“ಏನಂತೀಬೇ? ನಾನಾ ಈಸ್ಕೊಂಡೀನಿ ಅವನ ಕೈಯಾಗಿಂದ.”

“ಈಸ್ಕೊಂಡಿರಬೇಕು. ಆದ್ರ ಅದು ಇದಲ್ಲ. ಅವರು ಕೊರದು ಒಗೀತಿದ್ರು, ಹಲ್ಲು ಉಜ್ಜಾಕಿ ನಾನು. ಮೂವತ್ತು ವರ್ಷ ಉಜ್ಜೀನಿ. ಕಡೀ ಹಲ್ಲು ನಾ ಇಷ್ಟ ದಪ್ಪ ಬಿಡಾಕಿ ಅಲ್ಲ. ಇದು ಗಂಗಾವತಿ ಮಾಜೀದಂದು. ಅಂವ ಒಬ್ಬಾನ ಇದ್ದ, ಉಜ್ಜಾಕ ಯಾರೂ ಇದ್ದಿಲ್ಲ. ಅದಕ್ಕ ಹಿಂಗ ಬಿಡ್ತಿದ್ದ.”

ಅಲ್ಲೇ ಕೂತಿದ್ದ ಮಾಸ್ತರರು ಮೆಲ್ಲಗೆ, “ಹೂಂ ಅಂದುಬಿಡಬೇ. ಚೀಟಿ ನಿನ್ನ ಗಂಡನ ಹೆಸರಿಗೇ ಐತಿ. ನೋಡಾಂವಗ ಎಲ್ಲಾ ಹಣಿಗಿ ಒಂದ,” ಎಂದರು.

“ಮಾಜೀದ ಸತ್ತಾನ್ರಿ ಸರ. ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ಅವಂದು ಅಂತ ಭೂಮಿ ಮ್ಯಾಲ ಇದೊಂದು ಉಳದಿದ್ರ, ಅದನ್ನೂ ನಾ ಹೆಂಗ ನುಂಗಲಿ?”

ಆಗ ಅಮರಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಹಂಗಾದ್ರ ಬಾಬಾಸಾಬಂದು ಎಲ್ಲಿ?”

ಮಾಸ್ತರರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ. ೨೦೦೯ರ ಆ ಭಾರಿ ಮಳೆಯ ವಾರ ಕೋಣೆಯ ತಗಡು ಹಾರಿತ್ತು. ಅಮರಮ್ಮ ಅದೇ ವಾರ ಆಸ್ಪತ್ರೆಯಲ್ಲಿದ್ದರು. ಅವರ ಗಂಡ ಅಲ್ಲಿಂದ ಮರಳಲಿಲ್ಲ. ತಿಂಗಳ ನಂತರ ಕೋಣೆಗೆ ಬಂದಾಗ ಎಲ್ಲ ಹೊಸದಾಗಿ ಜೋಡಿಸಿತ್ತು. ‘ಸ್ವಚ್ಛ ಮಾಡೀವಿ’ ಎಂದಿದ್ದರು ಮಾಸ್ತರರು. ಅಷ್ಟೇ ಹೇಳಿದ್ದರು.

“ನಲವತ್ತು ಸಾಮಾನಿಗೆ ಬೂಸಲು ಬಂದಿತ್ತು, ಅಮರಮ್ಮ. ಹುಳ ಬಿದ್ದಿದ್ದವು. ಹಿಂದಿನ ಗ್ವಾಡಿ ಮಗ್ಗಲ ಗುಂಡಿ ತೋಡಿ ಹಾಕಿಬಿಟ್ವಿ. ನೀ ದುಃಖದಾಗ ಇದ್ದಿ. ಹೇಳಿದ್ರ ಇನ್ನಷ್ಟು ನೊಂದೀ ಅಂತ ಬಿಟ್ಟೆ. ಆಮ್ಯಾಲ ಹೇಳೂದು ಆಗಲೇ ಇಲ್ಲ.”

“ಯಾರ್ಯಾರವು?”

“ಹೆಸರು ಎಲ್ಲಿತ್ತು, ಬರಕೊಳ್ಳಾಕ?”

ಅಮರಮ್ಮನ ನೆನಪಿನಲ್ಲಿ ಇದ್ದದ್ದು ಮುನ್ನೂರ ಐವತ್ತೆರಡು ಜನ. ಕೋಣೆಯಲ್ಲಿ ಉಳಿದದ್ದು ಮುನ್ನೂರ ಹನ್ನೆರಡು ವಸ್ತು. ಚೀಟಿ ಕಟ್ಟುವಾಗ ಅವರು ಎಣಿಸಿರಲಿಲ್ಲ. ಎಣಿಸಬೇಕೆಂಬ ಅನುಮಾನ ಹುಟ್ಟುವ ಕಾರಣವೇ ಇರಲಿಲ್ಲ. ಮಣ್ಣು ಸೇರಿದವರ ಹೆಸರುಗಳು ಮೇಲೆ ಉಳಿದವರ ವಸ್ತುಗಳಿಗೆ ಹೋಗಿ ಕೂತಿದ್ದವು. ಬಾಬಾಸಾಬ ಮಾಜೀದನ ಹಣಿಗೆಯ ಮೇಲೆ ಕೂತಂತೆ, ಇನ್ನು ಎಷ್ಟು ಜನ ಎಷ್ಟು ಜನರ ಮೇಲೆ? ಚೀಟಿಗಳು ಸಾಲಾಗಿ ತೂಗುತ್ತಿದ್ದವು, ಮುದ್ದಾದ ಅಕ್ಷರಗಳಲ್ಲಿ. ಯಾವುದು ನಿಜ, ಯಾವುದು ಸುಳ್ಳು ಎಂದು ಬರಿಗಣ್ಣಿಗೆ ತಿಳಿಯುವಂತಿರಲಿಲ್ಲ. ಮುಟ್ಟಿದ ಪ್ರತಿ ವಸ್ತುವೂ ಅವರನ್ನು ಹೊರಗಿನವರಂತೆ ನೋಡತೊಡಗಿತು.

ಅಂದಿನಿಂದ ಮಾಸ್ತರರೊಂದಿಗೆ ಅವರು ಹದಿನೈದು ದಿನ ಮಾತು ಬಿಟ್ಟರು. ಹದಿನಾರನೆಯ ದಿನ, ಭಾನುವಾರ ನಸುಕಿನಲ್ಲಿ, ಐದಾರು ವಸ್ತುಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದರು. ಮಾಡಿದವರು ಬದುಕಿದ್ದರೆ ಅವರನ್ನು, ಇಲ್ಲವಾದರೆ ಅವರ ಕೈ ಬಲ್ಲವರನ್ನು ಕಂಡು, ವಸ್ತುವನ್ನು ಮುಂದಿಟ್ಟು ಕೇಳುವುದು. ಚೀಟಿಯ ಹೆಸರನ್ನು ಮೊದಲೇ ಹೇಳದೆ ಕೇಳುವುದು. ಆರು ದಿನ ಕೂದಲಿನ ಶೆಡ್ಡು, ಏಳನೆಯ ದಿನ ಈ ತಿರುಗಾಟ. ಅದು ಇಂದಿಗೂ ನಿಂತಿಲ್ಲ.

ಇಟಗಿಯಲ್ಲಿ ಕಲ್ಲೇಶ ಎಂಬ ಕಲ್ಲುಕುಟಿಗನ ಮುಂದೆ, ಚೀಟಿಯಲ್ಲಿ ಅವನದೇ ಹೆಸರಿದ್ದ ಬಳಪದ ಕಲ್ಲಿನ ದೀಪ ಇಟ್ಟಾಗ ಅವನು ನಕ್ಕ. “ನಂದ ಇಷ್ಟ ಛಲೋ ಇದ್ದಿದ್ರ ನಾ ಯಾಕ ಈ ಬಿಸಲಾಗ ಕುಂದರ್ತಿದ್ದೆ, ಯವ್ವಾ? ಇದು ನಮ್ಮಪ್ಪಂದು.”

“ನಿಮ್ಮಪ್ಪ ಕರಿಬಸಪ್ಪಂದಾದ್ರ, ನಿಂದ ಎಲ್ಲೋ?”

“ನಾ ಏನೂ ಬಿಟ್ಟಿಲ್ಲ. ಅಪ್ಪಂದ ಐತಲ್ಲ, ಮನಿಗೊಂದು ಸಾಕಂತ ಸುಮ್ನಾದೆ. ನೀ ಆವತ್ತು ಬುಟ್ಟಿ ಹಿಡಕೊಂಡು ಬಂದಾಗ ನಾ ಚಾ ಕುಡಿಯಾಕ ಹೋಗಿದ್ದೆ.”

“ಕಳ್ಳ ಅದೀ ನೀ.”

“ಹೌದು, ಅದೀನಿ,” ಎಂದ ಕಲ್ಲೇಶ ದೀಪವನ್ನು ಕೈಯಲ್ಲಿ ತಿರುಗಿಸುತ್ತಲೇ ಇದ್ದ. ಕೊನೆಯ ಬಸ್ಸಿಗೆ ಹೊತ್ತಾದರೂ ಮರಳಿ ಕೊಡಲು ಅವನ ಕೈ ಮುಂದೆ ಬರಲಿಲ್ಲ. ಅಮರಮ್ಮ ಅವಸರ ಮಾಡಲಿಲ್ಲ.

ಎಲ್ಲ ಕಡೆ ಹೀಗಿಲ್ಲ. ಯಲಬುರ್ಗಾದಲ್ಲಿ ಸುರೇಖಾ ಎಂಬಾಕೆ ಕೌದಿ ಕಂಡದ್ದೇ ತಡ, “ಇದು ನಮ್ಮ ಅತ್ತೀದ,” ಎಂದು ಎದೆಗವಚಿಕೊಂಡಳು. ಚೀಟಿಯ ಮೇಲೂ ಅದೇ ಹೆಸರಿತ್ತು. ಅಮರಮ್ಮ ಮಾತ್ರ ಹೊಲಿಗೆಯ ಸಾಲಿನ ಮೇಲೆ ಬೆರಳಿಟ್ಟರು. ಅಂಗಳದಲ್ಲಿ ಆ ಮುದುಕಿ ಸೂಜಿ ಹಿಡಿದ ಬಗೆ ಈಗ ಕಣ್ಣಿಗೆ ಕಟ್ಟಿತು. “ನಿಮ್ಮತ್ತಿ ಎಡಚಿ, ತಂಗಿ. ಈ ಟಾಕಿ ವಾಲಿದ್ದು ನೋಡು. ಇದು ಬಲಗೈಯಾಕಿ ಹೊಲದದ್ದು.”

“ಯಾರದಾದ್ರೇನ್ರಿ? ಸತ್ತವರು ಬಂದು ಕೇಳ್ತಾರೇನು?”

“ಅವರು ಕೇಳಾಕ ಬರೂದಿಲ್ಲಂತ ನಾ ಬಂದೀನಿ.”

ಆ ಕೌದಿಯ ಚೀಟಿಯೂ ಕತ್ತರಿಗೆ ಬಿತ್ತು. ಸುರೇಖಾ ಜಿನ್ನಿನ ಅಂಗಳದ ತನಕ ಬಂದು ಬೈದಳು. ತಪ್ಪು ಬರೆಸಿದವಳೂ ನೀನೇ, ಆಸೆ ಹುಟ್ಟಿಸಿದವಳೂ ನೀನೇ, ಈಗ ಬಾಯಿಗೆ ಬಂದ ತುತ್ತು ಕಿತ್ತುಕೊಳ್ಳುವವಳೂ ನೀನೇ ಎಂದಳು. ಅಮರಮ್ಮ ಇದನ್ನು ಮುಚ್ಚಿಡುವುದಿಲ್ಲ. “ಆಕಿ ಅಂದದ್ದು ತಪ್ಪಲ್ರಿ. ನಾ ಮೊದಲ ಗೊತ್ತಿಲ್ಲ ಅಂದಿದ್ರ ಆಕಿ ಬೈತಿದ್ದಿಲ್ಲ. ನನಗ ಎಲ್ಲಾ ಗೊತ್ತೈತಿ ಅಂತ ನನಗ ಸೊಕ್ಕು ಇತ್ತು. ಮಂದಿ ಬಂದು ಕೇಳಾಕ ಹತ್ತಿದ್ರು ನೋಡ್ರಿ, ಅದರಾಗ ಏರಿತ್ತು.”

ಈವರೆಗಿನ ಲೆಕ್ಕ ಹೀಗಿದೆ: ಖಾತ್ರಿಯಾದ ಹೆಸರುಗಳು ನೂರ ಎಪ್ಪತ್ತೊಂದು. ಕತ್ತರಿಸಿದ ಚೀಟಿಗಳು ತೊಂಬತ್ತಾರು. ಆ ಕೈಗಳನ್ನು ಬಲ್ಲವರು ಯಾರೂ ಉಳಿದಿಲ್ಲ. ಇನ್ನೂ ಕೇಳಬೇಕಾದವು ನಲವತ್ತೈದು. ಹಬ್ಬ ನಿಂತಿದ್ದ ೨೦೨೧ ಮತ್ತು ೨೦೨೨ರ ಎರಡೇ ವರ್ಷಗಳಲ್ಲಿ ತೀರಿಕೊಂಡ ಕಸುಬುದಾರರು ಇಪ್ಪತ್ತೇಳು ಮಂದಿ ಎಂದು ಈ ತಿರುಗಾಟದಲ್ಲೇ ಅವರಿಗೆ ತಿಳಿಯಿತು. ಹೋದ ಮನೆಗಳಲ್ಲಿ ಅರ್ಧದಷ್ಟರಲ್ಲಿ ಕಸುಬಿನ ಉಳಿ, ಸೂಜಿ, ಅಚ್ಚುಗಳೇ ಇಲ್ಲ. ಒಂದು ಮನೆಯಲ್ಲಿ ಅಪ್ಪನ ಕಸುಬು ಏನೆಂದು ಮಗನಿಗೆ ನೆನಪಿರಲಿಲ್ಲ. ಅವನು ಒಳಗೆ ಹೋಗಿ ಹೆಂಡತಿಯನ್ನು ಕೇಳಿ ಬಂದ.

ನೂರಜಾನಬಿಯ ಅರ್ಜಿಗೆ ಪುರಾವೆ ಇಲ್ಲದಾಯಿತು. ತಪ್ಪಿನ ಭಾರ ಹೊತ್ತ ಮಾಸ್ತರರು ಒಂದು ಉಪಾಯ ಹೂಡಿದರು. ಅದನ್ನು ಅವರೇ ಹೇಳುತ್ತಾರೆ: “ಬರೆಯಿರಿ, ಇದನ್ನೂ ಬರೆಯಿರಿ. ನನ್ನ ವಯಸ್ಸಿನಲ್ಲಿ ಮುಚ್ಚಿಡುವುದು ಇನ್ನೇನಿದೆ?” ಆಕೆಯ ಮನೆಯಲ್ಲಿ ಬಾಬಾಸಾಬ ಕೊರೆದ ಹಣಿಗೆ ಒಂದಾದರೂ ಇರಲೇಬೇಕು. ಅದನ್ನು ತಂದು ಕೋಣೆಯಲ್ಲಿಟ್ಟರೆ ಮುಗಿಯಿತು. ಕೈ ನಿಜ, ಹೆಸರು ನಿಜ; ಜಾಗವೊಂದೇ ಸುಳ್ಳು. ಅಮರಮ್ಮ ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. ಕುಷ್ಟಗಿಯ ತನಕ ಮಾಸ್ತರರ ಜೊತೆ ಹೋದರು, ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ.

ಖಾನಾವಳಿಯ ಹಿತ್ತಲಲ್ಲಿ ಬೆಳ್ಳುಳ್ಳಿಯ ರಾಶಿಯ ಮುಂದೆ ಕೂತಿದ್ದ ನೂರಜಾನಬಿ ಎಲ್ಲವನ್ನೂ ಕೇಳಿದಳು. “ಒಂದ ಉಳದೈತ್ರಿ,” ಎಂದಳು. “ನಾಲ್ಕು ಹಲ್ಲು ಹೋಗ್ಯಾವ. ಅದನ್ನ ಕೊಟ್ಟು ತಲಿ ಯಾತರಿಂದ ಹಿಕ್ಕೊಳ್ಳಲಿ?”

ಮಾಸ್ತರರಿಗೆ ನಗು ಬಂತು, ಅದು ಅರ್ಧಕ್ಕೇ ನಿಂತಿತು. ಆಕೆ ತಮಾಷೆ ಮಾಡಿರಲಿಲ್ಲ.

“ದಿನಾ ಮುಂಜಾನಿ ಅದೊಂದ ಹೊತ್ತು ಅವರು ಮನ್ಯಾಗ ಇದ್ದಂಗ ಇರ್ತೈತಿ. ಅದನ್ನ ನಿಮ್ಮ ಕ್ವಾಣಿಯೊಳಗ ಇಟ್ಟು ಕೀಲಿ ಹಾಕ್ತೀರಿ. ಬ್ಯಾಡ್ರಿ. ಅಮರಕ್ಕ, ನೀ ಅರ ಹೇಳು.”

“ನಾ ಏನು ಹೇಳ್ಲಿ? ನೀ ಹೇಳಿದಿ ಅಲ್ಲ,” ಎಂದ ಅಮರಮ್ಮ ಸೆರಗು ಸಿಕ್ಕಿಸಿ ಕೂತು ಆಕೆಯೊಂದಿಗೆ ಬೆಳ್ಳುಳ್ಳಿ ಸುಲಿಯತೊಡಗಿದರು. ರಾಶಿ ಮುಗಿಯುವವರೆಗೆ ಹೊರಗೆ ಕಟ್ಟೆಯ ಮೇಲೆ ಮಾಸ್ತರರು ಕಾಯುತ್ತ ಕೂತಿದ್ದರು. ಮುಂದಿನ ತಿಂಗಳು ಅರ್ಜಿ ಮರಳಿ ಬಂತು.

ಈ ಸೋಲಿನಿಂದ ಹಬ್ಬಕ್ಕೆ ಒಂದು ಹೊಸ ನೇಮ ಹುಟ್ಟಿದೆ. ಬರುವ ಫೆಬ್ರುವರಿಯಿಂದ ಮೀಸಲು ಬಿಡುವವರ ಹೆಸರನ್ನು ಅಲ್ಲೇ, ಅವರೆದುರಿಗೇ ಬರೆದುಕೊಳ್ಳಬೇಕು. ಅಮರಮ್ಮ ಅದಕ್ಕೆ ಇನ್ನೊಂದು ಸೇರಿಸಿದ್ದಾರೆ. ಕೊರೆದವನ ಹೆಸರಷ್ಟೇ ಸಾಲದು. ಹಲ್ಲು ಉಜ್ಜಿದವರು, ಬಿದಿರು ಸೀಳಿಕೊಟ್ಟವರು, ನೂಲು ನೆನೆಹಾಕಿದವರು, ಕೈ ಹಚ್ಚಿದ ಎಲ್ಲರ ಹೆಸರೂ ಬೇಕು. ಮೂವತ್ತು ಮಂದಿ ಸ್ವಯಂಸೇವಕರ ಸಭೆಯಲ್ಲಿ ಯಾರೋ, ಅಷ್ಟು ಹೆಸರು ಚೀಟಿಯಲ್ಲಿ ಹಿಡಿಸುವುದಿಲ್ಲ ಎಂದರಂತೆ. “ಚೀಟಿ ದೊಡ್ಡದು ಮಾಡ್ರಿ,” ಎಂದರಂತೆ ಇವರು. ಹೆಸರು ಓದಿ ಬುಟ್ಟಿ ಮರಳಿಸುವವರು ಇಂದಿಗೂ ಇರಬಹುದಲ್ಲವೇ ಎಂಬ ಅಳುಕು ಮಾಸ್ತರರಿಗಿದೆ. ಇದ್ದಾರೆ ಎಂದೇ ಅವರು ನಂಬಿದ್ದಾರೆ. ಅಮರಮ್ಮ ಮಾತ್ರ, “ಇಟ್ಟು ಹೋದ್ರ ಹೋಗ್ಲಿ. ಯಾರದಂತ ಗೊತ್ತಿದ್ದು ಹೋಗ್ಲಿ,” ಎಂದಷ್ಟೇ ಹೇಳುತ್ತಾರೆ.

ಮಾಜೀದನ ಹಣಿಗೆಗೆ ಈಗ ಹೊಸ ಚೀಟಿ ಇದೆ. ಅದನ್ನು ನೂರಜಾನಬಿ ಹೇಳಿ ಬರೆಸಿದಳು. ಗುಂಡಿ ಸೇರಿದ ನಲವತ್ತರಲ್ಲಿ ಬಾಬಾಸಾಬನದು ಇತ್ತೆಂದು ಹೇಗೆ ಗೊತ್ತು ಎಂದು ಕೇಳಿದರೆ, ಅಮರಮ್ಮ ತಲೆಯಾಡಿಸುತ್ತಾರೆ. ಗೊತ್ತಿಲ್ಲ. ಇತ್ತು ಎಂದುಕೊಳ್ಳಬಹುದು, ಅಷ್ಟೇ. ಹಿಂದಿನ ಗೋಡೆಯ ಪಕ್ಕದ ಆ ಜಾಗದಲ್ಲಿ ಈಗ ಜಾಲಿ ಬೆಳೆದಿದೆ. ಅಗೆದು ನೋಡೋಣವೇ ಎಂದು ಸ್ವಯಂಸೇವಕನೊಬ್ಬ ಕೇಳಿದಾಗ ಅವರೇ ಬೇಡವೆಂದರು. ಹದಿನಾರು ಮಳೆಗಾಲಗಳು ತೊಳೆದ ಮೇಲೆ ಮರವೂ ಬಿದಿರೂ ಮಣ್ಣೇ.

ಏಳೂವರೆಯಾಗುತ್ತದೆ. ಕತ್ತರಿಸಿದ ಚೀಟಿಗಳನ್ನು ಅವರು ಒಲೆಗೆ ಹಾಕುವುದಿಲ್ಲ. ತಪ್ಪು ವಸ್ತುವಿನ ಮೇಲೆ ಕೂತಿದ್ದರೂ ಅವು ನಿಜವಾದ ಮನುಷ್ಯರ ಹೆಸರುಗಳು. ಬಿಸ್ಕೀಟಿನ ಡಬ್ಬಿಯೊಂದರಲ್ಲಿ ಅವನ್ನು ಇಡುತ್ತಾರೆ. ಚೀಟಿ ಕಳೆದುಕೊಂಡ ಮೊರವನ್ನು ಮತ್ತೆ ಗೋಡೆಗೆ ತೂಗುಹಾಕುತ್ತಾರೆ. ಹೊರಗೆ ಒಂದೊಂದೇ ಮಗ್ಗ ಸದ್ದು ಮಾಡತೊಡಗಿದೆ. ಎದೆ ಒತ್ತಿಹಿಡಿದು ಏಳುವಾಗ ಕೆಮ್ಮು ಅವರನ್ನು ಎರಡು ಸಲ ಕೂರಿಸುತ್ತದೆ.

ಬರುವ ಭಾನುವಾರ ಗಂಗಾವತಿಯ ಕಡೆಗೆ ಹೋಗಬೇಕು. ಒಂದು ಜೊತೆ ಚಪ್ಪಲಿ, ಒಂದು ಬಣ್ಣದ ಎತ್ತು. ಆ ಎತ್ತನ್ನು ಬಲ್ಲ ಮುದುಕಿಗೆ ತೊಂಬತ್ತು ವರ್ಷ ಮತ್ತು ಕಣ್ಣಿಗೆ ಪೊರೆ. ಆಕೆ ಹೇಳಬಹುದು, ಹೇಳದಿರಬಹುದು. ಉಳಿದ ನಲವತ್ತೈದರಲ್ಲಿ ಎಷ್ಟು ಸಿಗಬಹುದೆಂದು ಕೇಳಿದರೆ ಅಮರಮ್ಮ ಕೀಲಿ ಹಾಕುತ್ತ ಲೆಕ್ಕ ಹಾಕುತ್ತಾರೆ.

“ನಾ ಇರೂತನಕ ಒಂದ ಹತ್ತು ಸಿಕ್ರ ಸಾಕ್ರಿ. ಭಾಳ ಆಸಿ ಇಲ್ಲ. ಹತ್ತು. ಆದ್ರ ಖರೇ ಹತ್ತು.”